ಬೂದಿಯಲ್ಲಿ ಆರಿದ ಕಂಚು

ಮಾರ್ಚ್ 2, ಸೋಮವಾರ

ಈ ನೋಟ್‌ಬುಕ್ಕು ಅಕ್ಕನ ಉಪಾಯ. ಫೋನಿನಲ್ಲಿ ಅರ್ಧ ಗಂಟೆ ನನ್ನ ದೂರೆಲ್ಲ ಕೇಳಿ ಕೊನೆಗೆ ಹೇಳಿದಳು: "ನೋಡೇ, ನೀನು ಮಾಡೋ ಚಾಕುಗಿಂತ ನಿನ್ನ ನಾಲಿಗೆ ಚೂಪು. ಆ ಹುಡುಗಿಗೆ ಏನೇನು ಅನ್ಬೇಕು ಅನ್ಸುತ್ತೋ ಎಲ್ಲ ಒಂದು ಪುಸ್ತಕದಲ್ಲಿ ಬರಿ. ಬಾಯಲ್ಲಿ ಮಾತ್ರ ಅನ್ಬೇಡ. ಒಂದೇ ಒಂದು ತಿಂಗಳು." ಅಕ್ಕನ ಮಾತು ಮೀರಿ ಉದ್ಧಾರವಾದವಳಲ್ಲ ನಾನು. ಬರೆಯುತ್ತೇನೆ.

ಐವತ್ತೊಂದನೇ ವಯಸ್ಸಿನಲ್ಲಿ ಎರಡನೇ ಮದುವೆ ಮಾಡಿಕೊಂಡು ಈ ಮನೆಗೆ ಬಂದು ಏಳು ತಿಂಗಳಾಯಿತು. ನಾನು ಚಾಕು ಮಾಡುವವಳು, ಇವರು ಜಾಗಟೆ ಮಾಡುವವರು. ನನ್ನದು ಉಕ್ಕು, ಇವರದು ಕಂಚು. ಇವರಿಗೆ ಮೊದಲ ಹೆಂಡತಿಯಿಂದ ಇಪ್ಪತ್ತಾರು ವರ್ಷದ ಮಗಳಿದ್ದಾಳೆ. ಅಪ್ಪನ ಕಸುಬನ್ನೇ ಹಿಡಿದಿದ್ದಾಳೆ, ಬೀದಿಯವರೆಲ್ಲ ಚಿಕ್ಕ ಮೇಸ್ತ್ರಿ ಎನ್ನುತ್ತಾರೆ. ಏಳು ತಿಂಗಳಲ್ಲಿ ಅವರ ಮಗಳು ನನ್ನನ್ನು ಒಂದು ಸಲವೂ ಏನೆಂದೂ ಕರೆದಿಲ್ಲ. ಏನಾದರೂ ಹೇಳಬೇಕಾದರೆ ಗಂಟಲು ಸರಿಮಾಡಿಕೊಂಡು, ನಾನು ತಿರುಗಿ ನೋಡುವ ತನಕ ಕಾಯುತ್ತಾಳೆ. ಆ ಕೆಮ್ಮಿಗೆ ಔಷಧಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೂರು ವಾರದ ಹಿಂದೆ ಇವರು ಕುಲುಮೆ ಕೋಣೆಯ ತಗಡು ಸರಿಮಾಡಲು ಏಣಿ ಹತ್ತಿ ಜಾರಿದರು. ಭುಜದ ಮೂಳೆ ಮುರಿಯಿತು. ಇನ್ನು ಸುತ್ತಿಗೆ ಎತ್ತುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅದೇ ಹೊತ್ತಿಗೆ ಊರಿನ ವಾದ್ಯವೃಂದದ ದೊಡ್ಡ ಜಾಗಟೆ ಬಿರುಕು ಬಿಟ್ಟು, ಇಪ್ಪತ್ತೆಂಟನೇ ತಾರೀಕಿನೊಳಗೆ ಹೊಸದು ಬೇಕೆಂದು ಬಂದಿದ್ದಾರೆ. ನಿನ್ನೆ ಊಟದ ಹೊತ್ತಿಗೆ ಇವರು ಮಗಳಿಗೆ ಹೇಳಿದರು: "ಇದೊಂದು ನೀನೇ ಮಾಡು. ನಾನು ಬಾಯಿ ಹಾಕಲ್ಲ. ಸ್ವರ ಬಂತು ಅಂದ್ರೆ ಕುಲುಮೆ ನಿನ್ನದು. ಬರ್ಲಿಲ್ಲ ಅಂದ್ರೆ ಕುಲುಮೆ ಆರಿಸಿಬಿಡೋಣ. ಪಂಪ್ ಫ್ಯಾಕ್ಟರಿಯವರು ನಿನಗೆ ಕೆಲಸ ಕೊಡ್ತೀವಿ ಅಂದಿದ್ದಾರೆ." ಆಮೇಲೆ ನನ್ನ ಕಡೆ ತಿರುಗಿ, "ಆಗ ಆ ಕೋಣೆ ನಿನ್ನ ಸಾಣೆಗೆ" ಎಂದರು.

ನನ್ನ ಸಾಣೆಕಲ್ಲು ಬಂದ ದಿನದಿಂದ ಜಗಲಿಯ ಮೇಲಿದೆ. ಗಾಳಿ ಎದ್ದರೆ ಕಿಡಿಯೆಲ್ಲ ಮುಖಕ್ಕೇ, ಬೆಳಗಿನ ಹೊತ್ತು ಬೆರಳು ಮರಗಟ್ಟುತ್ತದೆ. ಕುಲುಮೆ ಕೋಣೆಯಲ್ಲಾದರೆ ಪೂರ್ವಕ್ಕೆ ದೊಡ್ಡ ಕಿಟಕಿ. ಇವತ್ತು ಟೇಪು ಹಿಡಿದು ಅಳೆದೆ. ಹದಿನಾಲ್ಕು ಅಡಿಗೆ ಹನ್ನೊಂದು. ಅಳೆಯುತ್ತಿರುವಾಗಲೇ ಅವರ ಮಗಳು ಒಳಗೆ ಬಂದಳು. ಟೇಪು ನೋಡಿದಳು, ನನ್ನನ್ನು ನೋಡಿದಳು, ಈ ಸಲ ಕೆಮ್ಮಲೂ ಇಲ್ಲ.

ನನ್ನದೇನು ಕೆಟ್ಟ ಮನಸ್ಸಲ್ಲ. ಅಳೆದರೆ ಗೋಡೆಗೇನು ನೋವೇ?

ಮಾರ್ಚ್ 4, ಬುಧವಾರ

ಇವತ್ತು ಎರಕ ಹೊಯ್ದಳು. ನಾನು ಜಗಲಿಯಲ್ಲಿ ಹೋಟೆಲ್ ಅಡುಗೆಯವನ ಉದ್ದ ಚಾಕು ಉಜ್ಜುತ್ತ ಕೂತಿದ್ದೆ. ಉಜ್ಜಿದ್ದು ಕಡಿಮೆ, ಕಿಟಕಿಯಲ್ಲಿ ಇಣುಕಿದ್ದೇ ಹೆಚ್ಚು.

ತಾಮ್ರ ನನಗೆ ಗೊತ್ತು. ತಂತಿಯಾದರೆ ಬೆರಳಲ್ಲೇ ಬಾಗುತ್ತದೆ. ತವರ ಅದಕ್ಕಿಂತ ಮೆತ್ತಗೆ, ಚಾಕುವಿನಲ್ಲಿ ಕೊಯ್ಯಬಹುದು. ಎರಡನ್ನೂ ತಟ್ಟಿದರೆ ಸೊಪ್ಪು ಮೂಟೆ ಕೆಳಗೆ ಹಾಕಿದ ಸದ್ದು. ಜಾಗಟೆಯ ಕಂಚಿಗೆ ನೂರು ಪಾಲಿನಲ್ಲಿ ಎಪ್ಪತ್ತೆಂಟು ತಾಮ್ರ, ಇಪ್ಪತ್ತೆರಡು ತವರ. ಮೊದಲು ಮೂಸೆಯಲ್ಲಿ ತಾಮ್ರ ಕರಗಿಸಿ, ಮೇಲೆ ತವರ ಇಳಿಬಿಟ್ಟಳು. ಬಿಸಿನೀರಿಗೆ ತಣ್ಣೀರು ಸೇರಿಸಿದರೆ ಉಗುರುಬೆಚ್ಚಗಾಗುವಂತೆ, ಬೆರಕೆ ಮಾಡಿದ್ದು ಎರಡರ ನಡುವೆ ಎಲ್ಲೋ ಇರುತ್ತದೆ ಎಂದುಕೊಂಡಿದ್ದೆ. ಕೆಳಗೆ ಚೆಲ್ಲಿದ್ದ ಒಂದು ಹನಿ ಆರಿದ ಮೇಲೆ ಕದ್ದು ತಂದು ಅರ ಹಾಕಿ ನೋಡಿದೆ. ಅರವೇ ಜಾರಿತು. ಎರಡು ಮೆತ್ತನೆಯವು ಕೂಡಿ ಇಷ್ಟು ಗಟ್ಟಿ. ಕೆಂಪು, ಬಿಳಿ ಕೂಡಿ ಚಿನ್ನದ ಬಣ್ಣ. ಕಲ್ಲಿನ ಮೇಲೆ ಬೀಳಿಸಿದರೆ ಅಷ್ಟೇ ಅಷ್ಟು ಹನಿಯೂ ಟಿಣ್ ಎಂದಿತು.

ನಮ್ಮಲ್ಲೂ ಇದೆ, ಇಲ್ಲವೆಂದಲ್ಲ. ಕಬ್ಬಿಣಕ್ಕೆ ಚಿಟಿಕೆ ಇಂಗಾಲ ಸೇರಿದರೆ ಉಕ್ಕು. ಆದರೆ ಅದು ಗೊತ್ತಿರುವ ವಿಷಯ. ಇದನ್ನು ಮೂರು ಸಲ ಕಲ್ಲಿನ ಮೇಲೆ ಬೀಳಿಸಿ ನೋಡಿದೆ. ಅವಳನ್ನು ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೇಳಲಿಲ್ಲ. ಮೊದಲು ಅವಳು ನನ್ನನ್ನು ಕರೆಯುವುದು ಕಲಿಯಲಿ.

ಮಾರ್ಚ್ 7, ಶನಿವಾರ

ಮೂರು ದಿನದಿಂದ ಬಡಿತವೋ ಬಡಿತ. ಪಕ್ಕದ ಬೀದಿಯ ವೆಲ್ಡರು ಇಕ್ಕಳ ಹಿಡಿಯಲು ಬರುತ್ತಾನೆ. ಎರಕದ ಬಿಲ್ಲೆಯನ್ನು ಕೆಂಪಗೆ ಕಾಯಿಸುವುದು, ಬಡಿಯುವುದು, ಮತ್ತೆ ಕಾಯಿಸುವುದು. ಒಂದೂವರೆ ಅಡಿ ಅಗಲಕ್ಕೆ ಬಂದು ಅಂಚು ಕಟ್ಟಿದ್ದಾಯಿತು. ಹುಡುಗಿ ಸುತ್ತಿಗೆ ಹಾಕುವ ರೀತಿ ಚೆನ್ನಾಗಿದೆ. ಶತ್ರುವಾದರೂ ಸರಿ, ಒಳ್ಳೆಯ ಏಟನ್ನು ಒಳ್ಳೆಯದು ಎನ್ನಲೇಬೇಕು.

ಆದರೆ ಕೊನೆಗೆ ಮಾಡಿದ್ದೇನು? ಮಂಕು ಕೆಂಪಗಿದ್ದ ಜಾಗಟೆಯನ್ನು ಹಾಗೇ ಎತ್ತಿ ನೀರಿನ ತೊಟ್ಟಿಗೆ ಅದ್ದಿಬಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ. ಇನ್ನೂ ಬಡಿದು ಸ್ವರ ಕೂಡಿಸುವುದು ಬಾಕಿ ಇದೆ, ಈಗಲೇ ನೀರಿಗೆ ಹಾಕಿ ಗಟ್ಟಿ ಮಾಡಿದರೆ ಆಮೇಲೆ ಸುತ್ತಿಗೆ ಏನು ಮಾಡೀತು? ಚಾಕು ಕೆಲಸಕ್ಕೆ ಬಂದ ಮೊದಲ ದಿನವೇ ನನ್ನ ಗುರುಗಳು ಕಲಿಸಿದ್ದು: ನೀರಿಗೆ ಹಾಕಿದ್ದು ಗಟ್ಟಿ, ಬೂದಿಯಲ್ಲಿ ಆರಿದ್ದು ಮೆತ್ತಗೆ.

ಮಾರ್ಚ್ 10, ಮಂಗಳವಾರ

ನಾನು ಅಂದದ್ದೇ ಆಯಿತು. ಮೂರು ದಿನದಿಂದ ತಣ್ಣಗಿನ ಜಾಗಟೆಯನ್ನು ಬಡಿಯುತ್ತಿದ್ದಾಳೆ. ಸ್ವರ ಕೂಡುತ್ತಿಲ್ಲ, ಲೋಹ ಬಗ್ಗುತ್ತಿಲ್ಲ, ಹುಡುಗಿಯ ಮಣಿಕಟ್ಟು ಊದಿದೆ. ಇವತ್ತು ಎಡಗೈಯಲ್ಲಿ ಊಟ ಮಾಡಿದಳು. ಅಪ್ಪನಿಗೆ ಕಾಣದ ಹಾಗೆ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನಗೆ ಕಂಡಿತು. ಕೇಳದೆಯೇ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಯಾಕೋ ಗೊತ್ತಿಲ್ಲ, ನನಗೂ ಆ ವಯಸ್ಸಿನಲ್ಲಿ ಮಣಿಕಟ್ಟು ಹಾಗೇ ಊದುತ್ತಿತ್ತು, ಅದಕ್ಕಿರಬೇಕು.

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದರು, ಇವರ ಕಟ್ಟು ಬದಲಿಸಲು. ಬಂದಾಗ ಕತ್ತಲಾಗಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಕುಲುಮೆ ಹೊತ್ತಿಸಿ, ಜಾಗಟೆಯನ್ನು ಅದೇ ಮಂಕು ಕೆಂಪಿಗೆ ತಂದು, ಬೂದಿ ಗುಂಡಿಯಲ್ಲಿ ಮೆತ್ತಗೆ ಹಾಸಿಗೆ ಮಾಡಿ ಮಲಗಿಸಿದೆ. ಪಕ್ಕದಲ್ಲೇ ಅಡುಗೆಯವನ ಚಾಕನ್ನೂ ಕಾಯಿಸಿ ಮಲಗಿಸಿದೆ, ಅದಕ್ಕೂ ಬೇಕಿತ್ತು. ಮೇಲೆ ಒಂದು ಗೇಣು ಬೂದಿ ಮುಚ್ಚಿದೆ. ನಾಳೆ ಬೆಳಕು ಹರಿಯುವ ಮುಂಚೆ ತೆಗೆದು, ಒರೆಸಿ, ಇದ್ದ ಜಾಗದಲ್ಲೇ ನೇತುಹಾಕುತ್ತೇನೆ. ಕಂಚು ಹೇಗಿದ್ದರೂ ಕಪ್ಪಗೇ ಇದೆ, ಗೊತ್ತಾಗುವುದಿಲ್ಲ.

ಏನೂ ಹೇಳುವುದಿಲ್ಲ. ಸುತ್ತಿಗೆ ಬೆಣ್ಣೆಗೆ ಇಳಿದಂತೆ ಇಳಿಯುವಾಗ ಅವಳ ಮುಖ ನೋಡಬೇಕು. ಸಂಭ್ರಮಕ್ಕೆ ಇವತ್ತು ನಿದ್ದೆ ಬರುವುದು ಸಂಶಯ.

ಮಾರ್ಚ್ 11, ಬುಧವಾರ

ಒಡೆಯಿತು. ಎರಡನೇ ಏಟಿಗೆ, ಮೂರು ಹೋಳು.

ಮಾರ್ಚ್ 12, ಗುರುವಾರ

ಇವರಿಗೆ ತಟ್ಟೆ ಕೊಡಲು ಹೋದಾಗ ಅಪ್ಪ ಮಗಳು ಮಾತಾಡುತ್ತಿದ್ದರು. "ನೀರಿಗೆ ಅದ್ದುವಾಗ ಬಣ್ಣ ಸರಿ ಇತ್ತಾ? ಬೂದಿಗೀದಿ ತಾಗಿ ನಿಧಾನ ಆರಿದ್ರೆ ಕಂಚು ಗಾಜಾಗುತ್ತೆ ಅಂತ ನಿನಗೆ ನಾನು ಹೇಳಬೇಕಾ?" ಎಂದು ಇವರು ಕೇಳಿದರು. ಅವಳು "ಸರಿ ಇತ್ತಪ್ಪ" ಎಂದಳು. ತಟ್ಟೆಯನ್ನು ಹೊಸ್ತಿಲಲ್ಲೇ ಇಟ್ಟು ಅಡುಗೆಮನೆಗೆ ವಾಪಸ್ಸು ಬಂದೆ.

ಎತ್ತು ಏರಿಗೆ, ಕೋಣ ನೀರಿಗೆ. ಉಕ್ಕಿಗೆ ಯಾವುದು ಪಥ್ಯವೋ ಕಂಚಿಗೆ ಅದೇ ವಿಷ. ಏಳು ತಿಂಗಳಲ್ಲಿ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಹೇಳಲೇ? ಹೇಳಿದರೆ ಯಾರು ನಂಬುತ್ತಾರೆ? ಟೇಪು ಹಿಡಿದು ಗೋಡೆ ಅಳೆಯುತ್ತಿದ್ದವಳನ್ನು ಅವಳೇ ಕಣ್ಣಾರೆ ನೋಡಿದ್ದಾಳೆ. ಜಾಗಟೆ ಹಾಳಾದರೆ ಕೋಣೆ ಯಾರಿಗೆ ಎನ್ನುವುದು ಮನೆಯ ಬೆಕ್ಕಿಗೂ ಗೊತ್ತು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೂ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಾಗಿದೆ.

ಮಾರ್ಚ್ 13, ಶುಕ್ರವಾರ

ಇವತ್ತು ಹುಡುಗಿ ಅಪ್ಪನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. "ಬೆಳಿಗ್ಗೆ ತಟ್ಟಿದಾಗ್ಲೇ ಸ್ವರ ಬೇರೆ ಇತ್ತಪ್ಪ. ಹಿಂದಿನ ದಿನದ್ದಲ್ಲ ಅಂತ ಅನ್ಸ್ತು. ಆದ್ರೆ ಒಂದೇ ರಾತ್ರೀಲಿ ಕಂಚು ಹೇಗೆ ಬದಲಾಗುತ್ತೆ? ನನ್ನ ಕಿವೀನೇ ಹೋಗಿದೆ. ಕಿವಿ ಇಲ್ದೋಳು ಜಾಗಟೆ ಮಾಡಬಾರ್ದು."

ಸ್ವಲ್ಪ ಹೊತ್ತಾದ ಮೇಲೆ ಅವಳು ಪಂಪ್ ಫ್ಯಾಕ್ಟರಿಯ ಅರ್ಜಿ ತಂದು ಮೇಜಿನ ಮೇಲೆ ಇಟ್ಟುಕೊಂಡಳು.

ಕಿವಿ ಹೋಗಿಲ್ಲ ಕಣೇ. ಕಿವಿ ಬಂಗಾರದಂಥದ್ದು. ಇದನ್ನು ಈ ಪುಸ್ತಕದಲ್ಲಿ ಬರೆದು ಏನು ಪ್ರಯೋಜನ?

ಮಾರ್ಚ್ 14, ಶನಿವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಅವಳು ಕುಲುಮೆಯ ಹೊಸ್ತಿಲ ಮೇಲೆ ಕೂತು ಅರ್ಜಿ ತುಂಬುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. ಕೆಮ್ಮುವ ಸರದಿ ನನ್ನದಾಯಿತು.

"ಆ ಪೆನ್ನು ಕೆಳಗಿಡು" ಎಂದೆ. "ಜಾಗಟೆ ಒಡೆದದ್ದು ನಿನ್ನಿಂದಲ್ಲ. ನೀವು ಆಸ್ಪತ್ರೆಗೆ ಹೋಗಿದ್ದಾಗ ನಾನು ಅದನ್ನ ಕಾಯಿಸಿ ಬೂದೀಲಿ ಹೂತಿಟ್ಟೆ. ಮೆತ್ತಗಾಗ್ಲಿ ಅಂತ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ನಿಧಾನಕ್ಕೆ ಕೇಳಿದಳು: "ಕೋಣೆ ಅಳೀತಿದ್ರಲ್ಲ, ಅದಕ್ಕಾ?"

"ಅಳೆದದ್ದೂ ನಿಜ, ಆಸೆಪಟ್ಟದ್ದೂ ನಿಜ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಬೂದೀಲಿ ಇಟ್ಟಿದ್ದು ಅದಕ್ಕಲ್ಲ. ನಿನ್ನ ಮಣಿಕಟ್ಟು ನೋಡೋಕಾಗ್ಲಿಲ್ಲ. ನಮ್ಮಲ್ಲಿ ಬೂದೀಲಿಟ್ರೆ ಮೆತ್ತಗಾಗುತ್ತೆ. ಕಂಚಿಗೆ ಉಲ್ಟಾ ಅಂತ ನನಗೇನು ಗೊತ್ತು? ನಂಬೋದಾದ್ರೆ ನಂಬು, ಬಿಟ್ರೆ ಬಿಡು. ಕಿವಿ ಹೋಗಿದೆ ಅಂತ ಮಾತ್ರ ಅರ್ಜಿ ಬರೀಬೇಡ."

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲ, ಬೂದಿ ಗುಂಡಿಯ ಮುಂದೆ ಮಂಡಿಯೂರಿ ಎರಡೂ ಕೈ ಹಾಕಿ ಕೆದಕಿದಳು. ಕೆದಕಿ ಕೆದಕಿ ಅಡುಗೆಯವನ ಚಾಕನ್ನು ಹೊರಗೆ ತೆಗೆದಳು. ಅವತ್ತು ಜಾಗಟೆ ತೆಗೆಯುವ ಆತುರದಲ್ಲಿ ನಾನು ಅದನ್ನು ಮರೆತೇಬಿಟ್ಟಿದ್ದೆ. ಮೊಣಕಾಲಿಗೆ ಒತ್ತಿ ಬಗ್ಗಿಸಿದಳು. ಸೌತೆಬಳ್ಳಿಯಂತೆ ಬಾಗಿತು.

"ಇದು ಯಾರದ್ದು?"

"ಹೋಟೆಲ್ ಅಡುಗೆಯವನಿಗೆ ಮಾಡ್ತಿದ್ದೆ. ಅದಕ್ಕಿಂತ ಒಳ್ಳೇ ಉಕ್ಕು ನನ್ನ ಹತ್ರ ಇಲ್ಲ."

"ಇದನ್ನೂ ಅದರ ಪಕ್ಕದಲ್ಲೇ ಮಲಗ್ಸಿದ್ರಾ?"

"ಹೂಂ. ಒಂದೇ ಹಾಸಿಗೆ."

ಆಗ ನಕ್ಕಳು. ಏಳು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು. ನಗುನಗುತ್ತ ಬೂದಿಯಲ್ಲೇ ಕೂತುಬಿಟ್ಟಳು. "ಮೂರು ತಲೆಮಾರಿನಿಂದ ಈ ಮನೇಲಿ ಈ ತಪ್ಪು ಯಾರೂ ಮಾಡಿಲ್ಲ. ಇಲ್ಲಿ ಹುಟ್ಟಿದ ಮಗೂನೂ ಮಾಡಲ್ಲ" ಎಂದಳು. ಆಮೇಲೆ, "ಅಂದ್ರೆ ಸ್ವರ ನಿಜವಾಗ್ಲೂ ಬದಲಾಗಿತ್ತು" ಎಂದಳು. ಆಮೇಲೆ ಅಳತೊಡಗಿದಳು. ನಾನು ಏನು ಮಾಡಬೇಕೋ ತಿಳಿಯದೆ ಅವಳ ತಲೆಯ ಮೇಲಿನ ಬೂದಿ ಕೊಡವುತ್ತ ನಿಂತೆ. ಕೊಡವಿದಷ್ಟೂ ನನ್ನ ಕೈಯ ಬೂದಿಯೇ ಅವಳ ತಲೆಗೆ ಹತ್ತುತ್ತಿತ್ತು.

ಅರ್ಜಿ ಒಲೆ ಹೊತ್ತಿಸಲು ಬಂತು. ಇನ್ನು ಹದಿನಾಲ್ಕು ದಿನ ಇದೆ.

ಇವರಿಗೂ ಹೇಳಿದೆ. ಇವರು ಸೂರು ನೋಡುತ್ತ, "ಅಂತೂ ನನ್ನ ಭುಜ ಮುರಿದದ್ದೇ ಕಡಿಮೆ ಆಯ್ತು" ಎಂದರು.

ಮಾರ್ಚ್ 15, ಭಾನುವಾರ

ಇವತ್ತಿನ ಸಂಭ್ರಮ ಹೇಗೆ ಬರೆಯಲಿ? ನಾನೇ ಕೇಳಿದೆ, "ಯಾಕೆ ಹಾಗಾಗುತ್ತೆ, ತೋರಿಸು" ಎಂದು. ಹುಡುಗಿ ಒಡೆದ ಹೋಳಿನಿಂದ ಎರಡು ಪಟ್ಟಿ ಕೊಯ್ದಳು. ಜೊತೆಗೆ ಬರೀ ತಾಮ್ರದ್ದು ಎರಡು, ನನ್ನ ಉಕ್ಕಿನದು ಎರಡು. ಆರನ್ನೂ ಕಾಯಿಸಿದೆವು, ಯಾವುದಕ್ಕೆ ಎಷ್ಟು ಬೇಕೋ ಅಷ್ಟು. ಒಂದೊಂದನ್ನು ನೀರಿಗೆ, ಒಂದೊಂದನ್ನು ಬೂದಿಗೆ.

ಆರುವ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತೆಗೆದು ನೋಡಿದರೆ: ನೀರಿಗೆ ಹಾಕಿದ ಉಕ್ಕು ಬಗ್ಗಿಸಹೋದರೆ ಪಟ್ಟೆಂದು ಮುರಿಯಿತು. ನೀರಿಗೆ ಹಾಕಿದ ಕಂಚು ಬಾಗಿತು. ಬೂದಿಯಲ್ಲಿಟ್ಟ ಉಕ್ಕು ಬಾಗಿತು. ಬೂದಿಯಲ್ಲಿಟ್ಟ ಕಂಚು ಹಪ್ಪಳದಂತೆ ಪುಡಿ. ತಾಮ್ರಕ್ಕೆ ಮಾತ್ರ ಏನೂ ಇಲ್ಲ. ನೀರಾದರೂ ಸರಿ, ಬೂದಿಯಾದರೂ ಸರಿ, ಎರಡೂ ಮೆತ್ತಗೇ ಬಾಗಿದವು.

"ಬರೀ ತಾಮ್ರಕ್ಕೆ ಒಳಗೆ ಜಗಳವೇ ಇಲ್ಲ" ಎಂದಳು ಹುಡುಗಿ. "ಕಂಚು ಕೆಂಪಗಿರೋವಾಗ ತಾಮ್ರ ತವರ ಒಟ್ಟಿಗೇ ಬೆರೆತಿರುತ್ತೆ. ನಿಧಾನ ಆರೋಕೆ ಬಿಟ್ರೆ ಒಳಗೊಳಗೇ ಗುಂಪು ಕಟ್ಕೊಳ್ಳುತ್ತೆ. ಆ ಗುಂಪು ಗಾಜಿನ ಥರ, ಅಲ್ಲೇ ಬಿರುಕು ಬಿಡೋದು. ತಟ್ಟಂತ ನೀರಿಗೆ ಹಾಕಿದ್ರೆ ಗುಂಪು ಕಟ್ಟೋಕೆ ಟೈಮೇ ಸಿಗಲ್ಲ."

"ನಮ್ಮ ಉಕ್ಕಿಗೆ ಟೈಮ್ ಕೊಡ್ಬೇಕು, ನಿಮ್ಮ ಕಂಚಿಗೆ ಕೊಡ್ಬಾರ್ದು" ಎಂದೆ.

"ಅಷ್ಟೇ."

ಮೂವತ್ತು ವರ್ಷ ಲೋಹ ಬಡಿದಿದ್ದೇನೆ. ಪಕ್ಕದ ಕೋಣೆಯಲ್ಲೇ ಲೋಕ ತಲೆಕೆಳಗಾಗಿ ನಿಂತಿತ್ತು, ನಾನು ಜಗಲಿಯಲ್ಲಿ ಗಾಳಿಗೆ ಬೈಯುತ್ತ ಕೂತಿದ್ದೆ. ಇನ್ನೂ ನಾಲ್ಕು ಪಟ್ಟಿ ಮಾಡಿಸಿದೆ. ಸಾಕು, ಜಾಗಟೆಗೆ ಸ್ವಲ್ಪ ಉಳಿಸಿ ಎಂದಳು.

ಮಾರ್ಚ್ 17, ಮಂಗಳವಾರ

ಒಡೆದದ್ದನ್ನು ಮತ್ತೆ ಕರಗಿಸಬಹುದು, ಕಂಚು ಸಿಟ್ಟಿಟ್ಟುಕೊಳ್ಳುವುದಿಲ್ಲ. ಆದರೆ ಕರಗಿಸುವಾಗ ಒಂದಿಷ್ಟು ತವರ ಸುಟ್ಟುಹೋಗುತ್ತದಂತೆ, ಅಷ್ಟನ್ನು ಹೊಸದಾಗಿ ಸೇರಿಸಬೇಕು. ಇಬ್ಬರೂ ಲೋಹದ ಅಂಗಡಿಗೆ ಹೋದೆವು.

ಹುಡುಗಿ ಬೆರಳು ಗಾತ್ರದ ಒಂದು ತವರದ ಕಡ್ಡಿಯನ್ನು ನನ್ನ ಕಿವಿಯ ಹತ್ತಿರ ಹಿಡಿದು, "ಕೇಳಿ" ಎಂದು ನಿಧಾನ ಬಗ್ಗಿಸಿದಳು. ಕಡ್ಡಿ ಚರಚರ ಎಂದು ಅತ್ತಿತು. ಸುಳ್ಳಲ್ಲ, ಒಳಗಿನಿಂದ ಅಳುವ ಸದ್ದು. ಶುದ್ಧ ತವರ ಬಗ್ಗಿಸಿದರೆ ಹಾಗೇ ಅಳುತ್ತದೆ, ಸೀಸ ಬೆರೆಸಿದ್ದರೆ ಸುಮ್ಮನಾಗುತ್ತದೆ. ಮೈ ಜುಮ್ಮೆಂದಿತು. ಐದು ಕಡ್ಡಿಗಳನ್ನು ಒಂದೊಂದಾಗಿ ಬಗ್ಗಿಸಿ ನನ್ನಿಂದಲೇ ಪರೀಕ್ಷೆ ಮಾಡಿಸಿದಳು. ನಾಲ್ಕನೆಯದು ಮೂಕ. "ಇದರಲ್ಲಿ ಸೀಸ" ಎಂದೆ. ಅಂಗಡಿಯವನು ಮೊದಲು ಇಲ್ಲವೇ ಇಲ್ಲ ಎಂದ, ಆಮೇಲೆ ಒಳಗೆ ಹೋಗಿ ಬೇರೆ ತಂದುಕೊಟ್ಟ. ಮಗಳಿಗೆ ಒಳ್ಳೇ ಕಿವಿ ಬಂದಿರೋದು ನಿಮ್ಮಿಂದಲೇ ಬಿಡಿ ಎಂದ. ನಾವಿಬ್ಬರೂ ತಿದ್ದಲು ಹೋಗಲಿಲ್ಲ, ಬಸ್ಸು ಬಂದುಬಿಟ್ಟಿತ್ತು.

ಮಾರ್ಚ್ 18, ಬುಧವಾರ

ಎರಕ. ತಿದಿ ಒತ್ತುವ ಕೆಲಸ ನನ್ನದು. ಬರೀ ತಾಮ್ರ ಕರಗಲು ಕುಲುಮೆ ಜೀವ ಬಿಡಬೇಕು. ಕಂಚಿನ ಹೋಳು, ತವರ ಸೇರಿದ್ದೇ ತಡ, ಅದಕ್ಕಿಂತ ಎಷ್ಟೋ ಕಡಿಮೆ ಕಾವಿನಲ್ಲೇ ನೀರಿನ ಹಾಗೆ ಓಡಾಡುತ್ತದೆ. ಗಟ್ಟಿಯಾಗುವುದು ಹೆಚ್ಚು, ಕರಗುವುದು ಸುಲಭ. ಈ ಲೆಕ್ಕ ಯಾರು ಹಾಕಿದರೋ.

ಅಡುಗೆಯವನು ಫೋನ್ ಮಾಡಿ ಚಾಕು ಎಲ್ಲಿ ಎಂದ. ಯಾವ ಚಾಕು ಎಂದು ಕೇಳಬೇಕೆಂದಿದ್ದೆ, ತಕ್ಷಣ ನೆನಪಾಯಿತು.

ಮಾರ್ಚ್ 21, ಶನಿವಾರ

ವೆಲ್ಡರನಿಗೆ ಬರಬೇಡ ಎಂದೆವು. ಮಗಳ ಮಣಿಕಟ್ಟು ಇನ್ನೂ ಪೂರ್ತಿ ಸರಿಹೋಗಿಲ್ಲ. ಅದಕ್ಕೆ ಸುತ್ತಿಗೆ ನನ್ನದು, ಇಕ್ಕಳ ಅವಳದು, ಕಿವಿಯೂ ಅವಳದು. "ಇಲ್ಲಿ", "ಮೆಲ್ಲಗೆ", "ಇನ್ನೊಂದು" ಎಂದು ಹೇಳುತ್ತ ತಿರುಗಿಸುತ್ತಾಳೆ, ನಾನು ಬಡಿಯುತ್ತೇನೆ. ಉಕ್ಕಿಗೆ ಹಾಕುವ ಏಟು ಇದಕ್ಕೆ ಆಗದು. ಮೊದಲ ದಿನ ಹತ್ತು ಸಲ ಬೈಸಿಕೊಂಡೆ, ಎರಡನೇ ದಿನ ಮೂರು ಸಲ, ಇವತ್ತು ಒಂದೇ ಸಲ. ಅದೂ ಅವಳದ್ದೇ ತಪ್ಪು, ಇಕ್ಕಳ ಅಲ್ಲಾಡಿಸಿದಳು.

ಸಂಜೆ ನಾಲ್ಕಕ್ಕೆ ಅಂಚು ಮುಗಿಯಿತು. ಕೊನೆಯ ಸಲ ಕಾಯಿಸಿದೆವು. ಇಕ್ಕಳ ನನ್ನ ಕೈಯಲ್ಲಿತ್ತು, ಅವಳು ಬಣ್ಣ ನೋಡುತ್ತಿದ್ದಳು. ಜಾಗಟೆ ಮಂಕು ಕೆಂಪಿಗೆ ಬಂದು ಉಸಿರಾಡುವಂತೆ ಕಂಡಿತು. ಮೂವತ್ತು ವರ್ಷದ ಅಭ್ಯಾಸ ಮೈಯೊಳಗಿಂದ ಕೂಗುತ್ತಿತ್ತು, ನೀರಿಗೆ ಬೇಡ, ಬೂದಿಗೆ, ಬೂದಿಗೆ ಎಂದು. ಒಂದು ಗಳಿಗೆ ಕೈ ತಡವರಿಸಿತು. "ಚಿಕ್ಕಮ್ಮ, ನೀರಿಗೆ, ಈಗ!" ಎಂದು ಅವಳು ಕೂಗಿದಳು. ಅದ್ದಿಬಿಟ್ಟೆ. ತೊಟ್ಟಿಯ ನೀರು ಎದ್ದು ಇಬ್ಬರ ಮೇಲೂ ಹಾರಿತು. ಹಬೆ ಇಳಿದ ಮೇಲೆ ನೋಡಿದರೆ ಎಲ್ಲೂ ಒಂದು ಕೂದಲೆಳೆ ಬಿರುಕಿಲ್ಲ. ಬಣ್ಣ ಹಿಡಿಯುವುದರಲ್ಲಿ ಹುಡುಗಿಯ ಕಣ್ಣಿಗೆ ಸಮ ಇಲ್ಲ, ಇನ್ನೊಂದು ಗಳಿಗೆ ತಡವಾಗಿದ್ದರೂ ಕೆಡುತ್ತಿತ್ತು. ನಾಳೆ ತೊಟ್ಟಿಗೆ ನೀರು ತುಂಬಿಸಬೇಕು, ಅರ್ಧಕ್ಕಿಂತ ಕೆಳಗೆ ಹೋಗಿದೆ.

ಮಾರ್ಚ್ 25, ಬುಧವಾರ

ಸ್ವರ ಕೂಡಿಸುವುದು ಎಂದರೆ ಇದು. ಒಂದು ಏಟು, ಆಮೇಲೆ ತಟ್ಟಿ ಕೇಳುವುದು, ಆಮೇಲೆ ಅರ್ಧ ಗಂಟೆ ಯೋಚನೆ. ಬಾಯಿ ಹಾಕುವುದಿಲ್ಲ ಎಂದು ಮಾತು ಕೊಟ್ಟವರು ಗೋಡೆಯಾಚೆ ಮಲಗಿ ಚಮಚದಿಂದ ಲೋಟ ಬಡಿಯುತ್ತಾರೆ. ಸ್ವರ ತಪ್ಪಿದರೆ ಲೋಟದ ಸದ್ದು ಜೋರಾಗುತ್ತದೆ. ಮಗಳು ಮೊದಮೊದಲು ತಡೆದುಕೊಂಡಳು, ಆಮೇಲೆ ನಾನೇ ಹೋಗಿ, "ರೀ, ಅದು ನಿಮ್ಮ ಕುಲುಮೆ ಅಲ್ಲ ಈಗ" ಎಂದು ಲೋಟ ಕಿತ್ತುಕೊಂಡು ಬಂದೆ. ಬರೀ ಚಮಚ ಹಿಡಿದು ಮಗುವಿನ ಹಾಗೆ ನೋಡಿದರು.

ಸಂಜೆ ಮಗಳು ಒಂದು ಸಲ ತಟ್ಟಿದಳು. ಸದ್ದು ಮೊದಲು ನೆಲದಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಎಲ್ಲೆಲ್ಲೋ. ಬೀದಿಯಲ್ಲಿ ಹೋಗುತ್ತಿದ್ದ ಒಂದು ಸೈಕಲ್ಲು ತಿರುವಿನಲ್ಲಿ ಮರೆಯಾಗುವ ತನಕ ಇತ್ತು. ಗೋಡೆಯಾಚೆ ಏನೂ ಸದ್ದಿಲ್ಲ. ಹೋಗಿ ನೋಡಿದರೆ ಇವರು ಕಣ್ಣೊರೆಸಿಕೊಳ್ಳುತ್ತಿದ್ದರು. ಧೂಳು ಎಂದರು.

ಮಾರ್ಚ್ 28, ಶನಿವಾರ

ವಾದ್ಯವೃಂದದ ಮೇಷ್ಟ್ರು ಹತ್ತು ಗಂಟೆಗೆ ಬಂದರು. ಸಣ್ಣ ಆಳು, ದೊಡ್ಡ ಮೀಸೆ. ಕೋಟು ಬಿಚ್ಚಿಟ್ಟು, ತಾವೇ ತಂದ ಕೋಲಿನಿಂದ ಒಂದು ಏಟು ಹಾಕಿ ಕಿವಿಯನ್ನು ಅಂಚಿಗೆ ತಂದು ನಿಂತರು. ಆ ಮನುಷ್ಯ ಎಷ್ಟು ಹೊತ್ತು ನಿಂತರು ಎಂದರೆ ನನ್ನ ಪ್ರಾಣ ಬಾಯಿಗೆ ಬಂತು. ಮಗಳು ನನ್ನ ಮಣಿಕಟ್ಟು ಹಿಡಿದಿದ್ದಳು, ಈಗ ನನ್ನದು ಊದುವ ಸರದಿ.

"ಹಳೇದು ಮೂವತ್ತು ವರ್ಷ ಬಂತು" ಎಂದರು ಮೇಷ್ಟ್ರು. "ಇದು ನನಗಿಂತ ಹೆಚ್ಚು ದಿನ ಇರುತ್ತೆ. ಯಾರು ಮಾಡಿದ್ದು?"

"ಚಿಕ್ಕ ಮೇಸ್ತ್ರಿ" ಎಂದು ನಾನು ಹೇಳುವಷ್ಟರಲ್ಲಿ ಮಗಳು, "ನಾವಿಬ್ರು" ಎಂದಳು. ಮೇಷ್ಟ್ರು ಹೋದ ಮೇಲೆ ಇವರು ಎದ್ದು ಬಂದು, ಕುಲುಮೆಯ ಬೀಗದ ಕೈಯನ್ನು ಎಡಗೈಯಿಂದ ತೆಗೆದು ಅವಳ ಕೈಯಲ್ಲಿಟ್ಟರು. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಇಪ್ಪತ್ತೆರಡು ಪಾಲು ತವರ. ಅದಕ್ಕೆ ಒಂದು ಪಾಲು ಹೆಚ್ಚು ಹಾಕಿದರೆ ಸ್ವರ ಏನಾಗುತ್ತದೆ ಎಂದು ಕೇಳಿದೆ. ನೋಡೋಣ ಎಂದಿದ್ದಾಳೆ.

ಮಾರ್ಚ್ 30, ಸೋಮವಾರ

ಅಡುಗೆಯವನಿಗೆ ಚಾಕು ಕೊಟ್ಟು ಹತ್ತು ಮಾತು ಬೈಸಿಕೊಂಡು ಮನೆಗೆ ಬಂದರೆ ಇಲ್ಲಿ ಏನು ನೋಡಲಿ? ಕುಲುಮೆ ಕೋಣೆಯ ಕಿಟಕಿಯ ಕೆಳಗೆ ನನ್ನ ಸಾಣೆಕಲ್ಲು. ತವರದ ಪೆಟ್ಟಿಗೆ, ಹಳೆ ಅಚ್ಚುಗಳನ್ನೆಲ್ಲ ಆಚೆ ಸರಿಸಿ ಅಪ್ಪ ಮಗಳು ಜಾಗ ಮಾಡಿದ್ದಾರೆ. ಮಗಳು ಕೈಯಲ್ಲಿ ನನ್ನದೇ ಟೇಪು ಹಿಡಿದು, "ನಾಲ್ಕಡಿಗೆ ಐದಡಿ, ಸಾಕಾ ಚಿಕ್ಕಮ್ಮ?" ಎಂದು ಕೇಳಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಈ ಮನೇಲಿ ಯಾರಿಗೂ ಬುದ್ಧಿ ಇಲ್ವಾ?" ಎಂದೆ. "ಸಾಣೆ ತಿರುಗಿದ್ರೆ ಕಬ್ಬಿಣದ ಧೂಳು ಕೋಣೆ ತುಂಬ ಹಾರುತ್ತೆ. ಅದು ಮೂಸೆಗೆ ಬಿದ್ರೆ? ಸ್ವರದ ಗತಿ ಏನು? ಕಂಚು ಕರಗೋ ಕಡೆ ಕಬ್ಬಿಣ ಉಜ್ಜೋದುಂಟಾ?"

"ಜಗಲೀಲಿ ಗಾಳಿ ಅಂತ ನೀನೇ ಗೊಣಗ್ತಿದ್ಯಲ್ಲ" ಎಂದರು ಇವರು.

"ಗಾಳಿ ಬಂದ್ರೆ ಬರ್ಲಿ. ಗಾಳಿಗೆ ಸ್ವರ ಕೆಡಲ್ಲ."

ನಿಂತ ಕಾಲಲ್ಲಿ ಸಾಣೆಕಲ್ಲನ್ನು ವಾಪಸ್ಸು ಜಗಲಿಗೆ ಸಾಗಿಸಿದೆ. ಒಂದು ಕಡೆ ಮಗಳು ಹಿಡಿದಳು. ನಗುತ್ತಿದ್ದಳು, ಯಾಕೆಂದು ಹೇಳಲಿಲ್ಲ. ಆಮೇಲೆ ಕಿಟಕಿಯ ಕೆಳಗಿನ ನೆಲವನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಎಷ್ಟು ಹೇಳಿದರೂ ಅಷ್ಟೇ ಈಗಿನ ಮಕ್ಕಳಿಗೆ.

ಸಂಜೆ ಅಕ್ಕ ಫೋನ್ ಮಾಡಿದ್ದಳು. "ತಿಂಗಳಾಯ್ತಲ್ಲ, ಪುಸ್ತಕ ಮುಗೀತಾ? ಆ ಹುಡುಗಿಗೆ ಅನ್ಬೇಕಾದ್ದೆಲ್ಲ ಬರೆದಾಯ್ತಾ?" ಎಂದಳು.

"ಯಾವ ಹುಡುಗಿ?" ಎಂದು ಕೇಳಿದೆ.

ಅಕ್ಕ ಯಾಕೋ ಬಹಳ ಹೊತ್ತು ನಕ್ಕಳು. ಅವಳಿಗೆ ವಯಸ್ಸಾಯಿತು. ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಹಾಳೆ ಉಳಿದಿದೆ, ಯಾವ ಎರಕಕ್ಕೆ ಎಷ್ಟು ತವರ ಹಾಕಿದೆವೆಂದು ಬರೆದಿಡಲು ಆಗುತ್ತದೆ. ನಾಳೆ ಬೆಳಿಗ್ಗೆ ತಾಮ್ರ ಬರುತ್ತದೆ, ಬೇಗ ಏಳಬೇಕು.